ಅಪ್ಪನ ಹಸಿರು ಖೋಲಿ

ಹಬ್ಬುವಾಡದ ನಮ್ಮ ಮನೆಯಲ್ಲಿ ಹಗಲು ಎರಡು ಬಗೆಯದಾಗಿತ್ತು. ಅಪ್ಪ ಎಚ್ಚರವಿರುವ ಹಗಲು ಒಂದು, ಅಪ್ಪ ಮಲಗಿರುವ ಹಗಲು ಇನ್ನೊಂದು. ಅಪ್ಪನಿಗೆ ಕೈಗಾದ ಅಣು ವಿದ್ಯುತ್ ಸ್ಥಾವರದಲ್ಲಿ ಕೆಲಸ. ಒಂದು ವಾರ ಬೆಳಗಿನ ಪಾಳಿ, ಮುಂದಿನ ವಾರ ಮಧ್ಯಾಹ್ನದ್ದು, ಅದರ ಮುಂದಿನ ವಾರ ರಾತ್ರಿಯದು. ಮೊದಲಿನ ಎರಡು ವಾರ ನಮ್ಮದೂ ಎಲ್ಲರ ಮನೆಯಂಥದೇ ಮನೆ. ಮೂರನೆಯ ವಾರ ಬಂತೆಂದರೆ ನಾವು ನಡೆಯುವ ರೀತಿ, ತಿನ್ನುವ ರೀತಿ, ಸೀನುವ ರೀತಿ ಕೂಡ ಬೇರೆಯಾಗುತ್ತಿತ್ತು. ಈಗ ನಾನು ಕೆಲಸ ಮಾಡುವ ಕಚೇರಿಯಲ್ಲಿ ‘ನೀವು ಬಂದದ್ದೇ ಗೊತ್ತಾಗಲಿಲ್ಲ’ ಎಂದು ಜನ ಬೆಚ್ಚುವುದುಂಟು. ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದು ತೆರೆದರೆ ಕಿರುಗುಡುವುದಿಲ್ಲ, ತುಂಬಿದ ಕೊಡವನ್ನು ಮೊದಲು ಕಾಲಿನ ಹೆಬ್ಬೆರಳ ಮೇಲೆ ಇಳಿಸಿ ಆಮೇಲೆ ನೆಲಕ್ಕೆ ಜಾರಿಸಬೇಕು, ಕೆಮ್ಮು ಬಂದರೆ ಬಾವಿಕಟ್ಟೆಯವರೆಗೆ ಓಡಬೇಕು ಎಂಬುದನ್ನೆಲ್ಲ ನಾನು ಮಗ್ಗಿ ಕಲಿಯುವುದಕ್ಕೆ ಮೊದಲೇ ಕಲಿತಿದ್ದೆ. ಕಲಿತದ್ದು ಬಿಟ್ಟುಹೋಗಲಿಲ್ಲ.

ರಾತ್ರಿ ಪಾಳಿ ಮುಗಿಸಿದ ಅಪ್ಪನನ್ನು ಕಂಪನಿಯ ಬಸ್ಸು ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ದೊಡ್ಡ ರಸ್ತೆಯಲ್ಲಿ ಇಳಿಸುತ್ತಿತ್ತು. ಅಲ್ಲೊಂದು ದರ್ಜಿ ಅಂಗಡಿಯ ಪಕ್ಕದಲ್ಲಿ ನಿಲ್ಲಿಸಿಟ್ಟ ಸೈಕಲ್ ಹತ್ತಿ ಮನೆಗೆ ಬರುತ್ತಿದ್ದ. ಸ್ನಾನ ಮಾಡಿ, ಕುಚ್ಚಲಕ್ಕಿ ಗಂಜಿಗೆ ಒಣ ಶೆಟ್ಲಿಯ, ಅಂದರೆ ಸೀಗಡಿಯ, ಚಟ್ನಿ ನೆಂಚಿಕೊಂಡು ಉಂಡು, ಒಂಬತ್ತೂವರೆಗೆ ಮಲಗುವ ಖೋಲಿಗೆ ಹೋಗುತ್ತಿದ್ದ. ಆ ಖೋಲಿ ಓಣಿಯ ಕಡೆಗಿತ್ತು. ಗೋಡೆಗೆ ನೀಲಿ ಬೆರೆಸಿದ ಸುಣ್ಣ. ಎದುರುಮನೆಯ ತಗಡಿನ ಮಾಡಿಗೆ ಬಿದ್ದ ಬಿಸಿಲು ಕಿಟಕಿಯಿಂದ ಒಳಗೆ ಹೊಕ್ಕು ಗೋಡೆಯ ಮೇಲೆ ಹೊಳೆಯುತ್ತಿತ್ತು. ಅಪ್ಪ ಕಣ್ಣಿನ ಮೇಲೆ ಪಂಚೆ ಹಾಕಿಕೊಂಡು ಮಲಗುತ್ತಿದ್ದ.

ನಮ್ಮ ಅಮ್ಮ, ಆಯಿಯ ಕೆಲಸ ಆಗ ಶುರುವಾಗುತ್ತಿತ್ತು. ಸೈಕಲ್ ಮೇಲೆ ಪಾವು ಬ್ರೆಡ್ಡು ತರುವವನು ಓಣಿಯ ಬಾಯಿಯಲ್ಲೇ ಪೋಂ ಪೋಂ ಎಂದು ಹಾರ್ನ್ ಒತ್ತುತ್ತಾನೆ. ಅವನು ಒತ್ತುವ ಮೊದಲೇ ಅವಳು ಅಲ್ಲಿಗೆ ಹೋಗಿ ನಿಲ್ಲಬೇಕು. ಮೀನಿನ ಬುಟ್ಟಿ ಹೊತ್ತವಳು ‘ಬಂಗಡೆ’ ಎಂದು ಕೂಗುವ ಮೊದಲೇ ಗೇಟಿನ ಹತ್ತಿರ ಕೈ ಅಡ್ಡ ಹಿಡಿದು, ಬಾಯಿಯ ಮೇಲೆ ಬೆರಳಿಟ್ಟು, ಸನ್ನೆಯಲ್ಲೇ ವ್ಯಾಪಾರ ಮಾಡಬೇಕು. ಫೋನಿಗೆ ದಿಂಬು ಹೊದಿಸಬೇಕು. ಆ ವಾರ ಕುಕ್ಕರ್ ಅಟ್ಟ ಸೇರುತ್ತಿತ್ತು. ಮಿಕ್ಸಿ ಬಿಟ್ಟು ಹಿತ್ತಿಲಿನ ಕಲ್ಲಿನಲ್ಲಿ ಕಾಯಿ ಅರೆಯುವುದು. ನನ್ನ ತಮ್ಮ ಮಂಜುಗೆ ಆಗ ಆರು ವರ್ಷ, ನನಗೆ ಹತ್ತು. ನಾವಿಬ್ಬರೂ ಟಿವಿಯನ್ನು ದನಿಯಿಲ್ಲದೆ ನೋಡುತ್ತಿದ್ದೆವು. ಯಾರ ತುಟಿ ಅಲ್ಲಾಡಿದರೂ ಅವರ ಮಾತನ್ನು ಮಂಜು ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದ. ಅವನ ಪ್ರಕಾರ ಟಿವಿಯಲ್ಲಿದ್ದವರೆಲ್ಲರಿಗೂ ಹಸಿವಾಗಿರುತ್ತಿತ್ತು.

ಇದರ ನಡುವೆ ಅಜ್ಜಿ. ಅಪ್ಪನ ತಾಯಿ. ಅವಳಿಗೆ ಕಿವಿ ಕೇಳುತ್ತಿರಲಿಲ್ಲ, ಆದ್ದರಿಂದ ಜಗಲಿಯಲ್ಲಿ ಕೂತು ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದಳು. ಆಯಿ ಅವಳ ಭುಜ ಮುಟ್ಟಿ ಖೋಲಿಯ ಕಡೆ ಕೈ ತೋರಿಸಿದರೆ, ‘ಹಾಂ, ಮಲಗ್ಯಾನೆ, ಮಲಗ್ಲಿ’ ಎಂದು ಇನ್ನೂ ದೊಡ್ಡದಾಗಿ ಹೇಳುತ್ತಿದ್ದಳು. ಕೈಗಾದ ಕ್ವಾರ್ಟರ್ಸಿಗೆ ಹೋಗುವ ಮಾತು ಬಂದಾಗಲೆಲ್ಲ ‘ನಾ ಇಲ್ಲೇ ಸಾಯ್ತೆ’ ಎಂಬ ಒಂದೇ ಮಾತಿನಲ್ಲಿ ಅದನ್ನು ಮುಗಿಸಿದವಳೂ ಅವಳೇ.

ಇಷ್ಟು ಮಾಡಿದರೂ ಅಪ್ಪನಿಗೆ ನಿದ್ದೆ ಬರುತ್ತಿರಲಿಲ್ಲ. ಬಸ್ಸಿನಲ್ಲಿ ಬರುತ್ತಿತ್ತು. ದಾರಿಯಲ್ಲಿ ಕದ್ರಾ ಊರು ದಾಟುವುದರೊಳಗೆ ತಲೆ ಕಿಟಕಿಗೆ ತಾಗುತ್ತಿತ್ತಂತೆ. ಒಂದು ಸಲ ಇಳಿಯುವ ಜಾಗದಲ್ಲಿ ಎಚ್ಚರವಾಗದೆ, ಬಸ್ಸು ನಿಲ್ಲಿಸುವ ಅಂಗಳದವರೆಗೆ ಹೋಗಿ, ಅಲ್ಲಿ ಡ್ರೈವರ್ ಎಬ್ಬಿಸಿ ಕಳಿಸಿದ್ದ. ಮನೆಗೆ ಬಂದು ಹಾಸಿಗೆಗೆ ತಲೆ ಇಟ್ಟರೆ ಕಣ್ಣು ಬಿಚ್ಚಿಕೊಳ್ಳುತ್ತಿತ್ತು. ಒಳಗಿನಿಂದ ಮಗ್ಗುಲು ಬದಲಿಸುವ ಸದ್ದು ಬಂದಾಗಲೆಲ್ಲ ಅಡುಗೆಮನೆಯಲ್ಲಿ ಆಯಿ ಕೈ ತಡೆದು ನಿಲ್ಲುತ್ತಿದ್ದಳು. ತಪ್ಪು ತನ್ನದೇನೋ ಎಂಬಂತೆ.

ಅಪ್ಪ ಕುಡಿಯುವವನಲ್ಲ, ಹೊಡೆಯುವವನಲ್ಲ. ನಿದ್ದೆ ಕೆಟ್ಟಾಗ ಬಾಗಿಲು ತೆರೆದು ಬಂದು ಸುಮ್ಮನೆ ನಿಲ್ಲುತ್ತಿದ್ದ, ಅಷ್ಟೆ. ಕಣ್ಣು ಕೆಂಪಗೆ, ಕೂದಲು ಒಂದು ಕಡೆ ಚಪ್ಪಟೆ. ಆ ನಿಲ್ಲುವುದಕ್ಕೆ ನಾವು ಹೆದರುತ್ತಿದ್ದೆವು. ಒಂದು ಶನಿವಾರ ಮಾತ್ರ ಅವನು ನಿಂತು ಸುಮ್ಮನಾಗಲಿಲ್ಲ. ಮಂಜು ಸ್ಟ್ಯಾಂಡಿನಿಂದ ತಟ್ಟೆ ತೆಗೆಯಲು ಹೋಗಿ ಬೀಳಿಸಿದ. ಸ್ಟೀಲಿನ ತಟ್ಟೆ, ನೆಲದ ಮೇಲೆ ಸುತ್ತಿ ಸುತ್ತಿ ನಿಲ್ಲುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅಪ್ಪ ಬಂದ. ಸ್ಟ್ಯಾಂಡಿನ ಹತ್ತಿರ ಹೋಗಿ ಇನ್ನೊಂದು ತಟ್ಟೆ ತೆಗೆದು ನೆಲಕ್ಕೆ ಬಿಟ್ಟ.

“ಕೇಳ್ತಾ?”

ಮತ್ತೊಂದು ಬಿಟ್ಟ. ಆಮೇಲೆ ಲೋಟ.

“ಇದು ಕೇಳ್ತಾ? ನನ್ನ ತಲೆಲಿ ದಿನಾ ಇದೇ ಆಗೂದು. ದಿನಾ.”

ಸ್ಟ್ಯಾಂಡಿನಲ್ಲಿದ್ದದ್ದೆಲ್ಲ ಕೆಳಗೆ ಬರುವವರೆಗೆ ಅವನು ನಿಲ್ಲಿಸಲಿಲ್ಲ. ಮಂಜು ಆಯಿಯ ಸೀರೆಯೊಳಗೆ ಮುಖ ಹುದುಗಿಸಿದ್ದ. ಜಗಲಿಯಿಂದ ಅಜ್ಜಿಯ ದನಿ ಬಂತು. ಎಷ್ಟೋ ದಿನಗಳ ಮೇಲೆ ಅವಳ ಕಿವಿಗೆ ಏನೋ ಬಿದ್ದಿತ್ತು.

“ಬಾಗಿಲಿಗೆ ಯಾರೋ ಬಂದಾರೆ, ನೋಡ್ರೆ!”

ಅಪ್ಪ ತಟ್ಟೆಗಳ ನಡುವೆ ಕೂತ. ಒಂದೊಂದನ್ನೇ ಎತ್ತಿ ತನ್ನ ಪಂಚೆಯಿಂದ ಒರೆಸಿ ಪಕ್ಕಕ್ಕೆ ಇಡತೊಡಗಿದ. ಆಯಿಯೂ ಎದುರಿಗೆ ಕೂತಳು. ಅವರಿಬ್ಬರೂ ಅಷ್ಟು ಹತ್ತಿರ ಕೂತದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ಮುಂದಿನ ಭಾನುವಾರ ಬೀರಣ್ಣ ಮಾವ ಬಂದ. ಆಯಿಯ ತಮ್ಮ. ಅಂಕೋಲೆಯಲ್ಲಿ ಅವನದು ಬಣ್ಣದ ಅಂಗಡಿ. ಯಾವಾಗ ಬಂದರೂ ಅವನ ಉಗುರಿನ ಸಂದಿಯಲ್ಲಿ ಯಾವುದಾದರೂ ಒಂದು ಬಣ್ಣ ಇರುತ್ತಿತ್ತು. ಅಡುಗೆಮನೆಯಲ್ಲಿ ಆಯಿ ಅವನಿಗೆ ತಟ್ಟೆಯ ಸಂಗತಿ ಹೇಳುತ್ತ ಒಂದೆರಡು ಸಲ ಮೂಗು ಒರೆಸಿಕೊಂಡಳು. ಮಾವ ಚಾ ಲೋಟ ಹಿಡಿದು ಖೋಲಿಯ ಬಾಗಿಲಲ್ಲಿ ನಿಂತು ಗೋಡೆ ನೋಡಿದ, ಕಿಟಕಿ ನೋಡಿದ, ಹೊರಗೆ ತಗಡಿನ ಹೊಳಪು ನೋಡಿದ.

“ಅಕ್ಕ, ಈ ಖೋಲಿಲಿ ನನಗೂ ನಿದ್ದೆ ಬರೂದಿಲ್ಲ. ಇದ್ಕೆ ಹಸಿರು ಹೊಡೀಬೇಕು.”

ಅಪ್ಪ ಅಲ್ಲೇ ಕುರ್ಚಿಯಲ್ಲಿ ಕೂತಿದ್ದ. ಅದು ಅವನ ಬೆಳಗಿನ ಪಾಳಿಯ ವಾರದ ರಜೆ.

“ಹಸಿರು ನೋಡೂಕೆ ಕಣ್ಣು ಬಿಡ್ಬೇಕಲ್ಲ ಬೀರಣ್ಣ. ನನಗೆ ಮುಚ್ಚೂದೇ ಬೇಕಾಗ್ಯದೆ.”

“ಮುಚ್ಚೂಕೆ ಮುಂಚೆ ನೋಡೂದು, ಭಾವ. ಆಪರೇಷನ್ ಮಾಡೂ ಡಾಕ್ಟ್ರು ಹಸಿರೇ ಯಾಕೆ ಹಾಕ್ತರು ಹೇಳಿ? ಕಣ್ಣಿಗೆ ದಣಿವಾಗೂದಿಲ್ಲ ಅದ್ಕೆ. ಹಸಿರು ಕಂಡ್ರೆ ತಲೆ ತಣ್ಣಗಾಗ್ತದೆ.”

“ಬಸ್ಸಿನ ಕಿಟಕಿಲಿ ಒಂದು ತಾಸು ಕಾಡೇ ನೋಡ್ತೆ ನಾನು. ಹಸಿರಿಗೆ ಎಂತ ಬರ?”

ಮಾವ ಲೋಟವನ್ನು ಕೆಳಗಿಟ್ಟ. ಅವನ ಮುಖ ಅರಳಿತು.

“ಅದ್ಕೇ ನಿಮಗೆ ಬಸ್ಸಲ್ಲಿ ನಿದ್ದೆ ಬತ್ತದೆ!”

ಆಯಿ ಬಾಗಿಲ ಸಂದಿಯಿಂದ ಇಬ್ಬರನ್ನೂ ನೋಡುತ್ತಿದ್ದಳು. ಅವಳ ಮುಖದಲ್ಲಿ ಏನೋ ಕಂಡಿತು. ಆಸೆ ಎಂದು ಈಗ ಹೇಳಬಲ್ಲೆ. ಆಗ ಅವಳಿಗೆ ಜ್ವರ ಬಂದಿದೆಯೇನೋ ಅನ್ನಿಸಿತ್ತು. ಅಜ್ಜಿಗೆ ವಿಷಯ ತಿಳಿಸುವುದಕ್ಕೆ ಮಾತ್ರ ಕೈಸನ್ನೆ, ಗೋಡೆ ತಟ್ಟುವುದು, ಬಾಳೆ ಎಲೆ ತೋರಿಸುವುದು ಎಲ್ಲ ಬೇಕಾಯಿತು. ತಿಳಿದ ಮೇಲೆ ಅವಳು ಹೇಳಿದ್ದು ಓಣಿಗೆಲ್ಲ ಕೇಳಿತು.

“ಮಳೆಗಾಲ ಮುಗಿದ ಕೂಡ್ಲೆ ಹೊರಗಿನ ಗೋಡೆಯ ಹಸಿರು ಪಾಚಿ ಕೆರೆದೂ ಕೆರೆದೂ ನನ್ನ ಕೈ ಹೋಯ್ತು. ಈಗ ಒಳಗೂ ಹಚ್ತರಂತೆ!”

ದೀಪಾವಳಿಯ ಗಿರಾಕಿ ಮುಗಿದ ಮೇಲೆ ಮಾವ ಎರಡು ದಿನ ಅಂಗಡಿ ಮುಚ್ಚಿ, ಬಿಳಿ ಡಿಸ್ಟೆಂಪರಿನ ಡಬ್ಬಿ, ಹಸಿರಿನ ಸಣ್ಣ ಬಾಟಲಿಗಳು, ಬಣ್ಣದ ಪಟ್ಟಿ ಹೊತ್ತು ಬಸ್ಸಿನಲ್ಲಿ ಬಂದ. ಪಟ್ಟಿಯನ್ನು ನೆಲದ ಮೇಲೆ ಬಿಡಿಸಿದಾಗ ಹಸಿರಿನಲ್ಲೇ ಇಪ್ಪತ್ತು ಮೂವತ್ತು ಬಗೆ. ಆಯಿ ಮೊಣಕಾಲೂರಿ ಕೂತು ಒಂದೊಂದರ ಮೇಲೂ ಬೆರಳಿಟ್ಟಳು. ಯಾವುದೂ ಅವಳಿಗೆ ಸರಿಬರಲಿಲ್ಲ.

“ಅಗೆ ಹುಟ್ಟಿ ಎಂಟು ದಿನಕ್ಕೆ ಒಂದು ಬಣ್ಣ ಇರ್ತದಲ್ಲ, ಅದು ಬೇಕು.”

ಅಗೆ ಎಂದರೆ ನಾಟಿಗೆಂದು ಒತ್ತಾಗಿ ಬಿತ್ತಿದ ಭತ್ತದ ಸಸಿ. ಅಂಕೋಲೆಯ ಹತ್ತಿರದ ಅವಳ ತವರಿನಲ್ಲಿ ಮನೆಯೆದುರಿಗೇ ಅಗೆ ಹಾಕುತ್ತಿದ್ದರು. ಮಾವನಿಗೆ ತಕ್ಷಣ ತಿಳಿಯಿತು. ಬಕೀಟಿನಲ್ಲಿ ಬಿಳಿ ಸುರಿದು ಹಸಿರನ್ನು ಹನಿ ಹನಿಯಾಗಿ ಬೆರೆಸುತ್ತ ಹೋದ. ಅವಳು ‘ಇನ್ನೂ ಜರಾ’, ‘ಸಾಕು ಸಾಕು’ ಅನ್ನುತ್ತಿದ್ದಳು. ಕಪಾಟಿನ ಹಿಂದೆ ಒಂದು ಕೈ ಹೊಡೆದು ಒಣಗಲು ಬಿಟ್ಟರು. ಒಣಗಿದ ಮೇಲೆ ಬಣ್ಣ ಬೇರೆಯೇ ಕಂಡಿತು. ಮತ್ತೆ ಬೆರೆಸಿದರು. ಮಂಜು, ನಾನು ಹಳೆಯ ಸುಣ್ಣವನ್ನು ಕಾಗದದಿಂದ ಉಜ್ಜಿ ಉಜ್ಜಿ ತಲೆ ಬೆಳ್ಳಗೆ ಮಾಡಿಕೊಂಡೆವು. ಆ ಎರಡು ದಿನ ನಾವು ಕಿರುಚಿದೆವು, ನಕ್ಕೆವು. ಅಪ್ಪ ಬೆಳಗಿನ ಪಾಳಿಯಲ್ಲಿದ್ದ.

ಮಾವ ಹೋದ ಮೇಲೂ ಆಯಿ ನಿಲ್ಲಿಸಲಿಲ್ಲ. ಅಡುಗೆಮನೆ, ಬಾವಿಕಟ್ಟೆ ಬಿಟ್ಟು ಮತ್ತೆಲ್ಲೂ ಎರಡು ನಿಮಿಷ ನಿಲ್ಲದವಳು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಖೋಲಿಗೆ ಹೋಗಿ ಗೋಡೆ ಹೇಗೆ ಕಾಣುತ್ತದೆಂದು ನೋಡಿ ಬರುತ್ತಿದ್ದಳು. ಕ್ಯಾಲೆಂಡರ್ ತೆಗೆದಳು. ಹೊಳೆಯುವ ಕನ್ನಡಿಯನ್ನು ನಡುಮನೆಗೆ ಸಾಗಿಸಿದಳು. ಬಾಟಲಿಯಲ್ಲಿ ನೀರು ತುಂಬಿ ಮನಿಪ್ಲಾಂಟ್ ಬಳ್ಳಿ ಇಟ್ಟಳು, ಕಿಟಕಿಯ ಹೊರಗೆ ಕ್ರೋಟನ್ ಕುಂಡಗಳನ್ನು ಸಾಲಾಗಿ ಜೋಡಿಸಿದಳು. ಕಡೆಗೆ ಟ್ರಂಕಿನಿಂದ ತನ್ನ ಕಡುಹಸಿರು ಸೀರೆ ತೆಗೆದು, ಕತ್ತರಿಸಿ, ಒಳಗೆ ಹಳೆಯ ದುಪ್ಪಟಿಯ ಬಟ್ಟೆ ಕೊಟ್ಟು ಎರಡು ಪದರದ ಪರದೆ ಹೊಲಿದಳು. ಸಂಜೆ ಬಂದ ಅಪ್ಪ ಅದನ್ನು ಮುಟ್ಟಿ ನೋಡಿದ.

“ಇದು ನಿನ್ನ ತವರಿನ ಸೀರೆ ಅಲ್ವಾ? ಯಾಕೆ ಕತ್ತರಿಸ್ದೆ?”

“ಉಟ್ಕಂಡು ಎಲ್ಲಿಗೆ ಹೋಗೂದದೆ ನನಗೆ?”

ಅವಳು ಅದನ್ನು ಬೇಸರದಿಂದ ಹೇಳಲಿಲ್ಲ. ಆ ಖೋಲಿಯಲ್ಲಿ ನಿಂತರೆ ನಿಜಕ್ಕೂ ಏನೋ ಬೇರೆಯಾಗಿತ್ತು. ತಗಡಿನ ಬೆಳಕು ಪರದೆಯನ್ನು ದಾಟುವಷ್ಟರಲ್ಲಿ ಮೆತ್ತಗಾಗಿ, ಗೋಡೆಯ ಮೇಲೆ ಬಿದ್ದು ನಿಲ್ಲುತ್ತಿತ್ತು. ಹೊರಗಿನ ಬಿಸಿಲಿನಿಂದ ಒಳಗೆ ಬಂದರೆ ಕಣ್ಣಿನ ಹಿಂದೆ ಎಲ್ಲೋ ಬಿಗಿದದ್ದು ಸಡಿಲಾಗುತ್ತಿತ್ತು.

ರಾತ್ರಿ ಪಾಳಿಯ ವಾರ ಬಂತು. ಸೋಮವಾರ ಕಳೆದು ಮಂಗಳವಾರ ಬೆಳಿಗ್ಗೆ ಅಪ್ಪ ಹಸಿರು ಖೋಲಿ ಹೊಕ್ಕು ಬಾಗಿಲು ಹಾಕಿಕೊಂಡ. ಶಾಲೆಯಿಂದ ನಾವು ಬಂದಾಗಲೂ ಮನೆ ಉಸಿರು ಹಿಡಿದಿತ್ತು. ಮಗ್ಗುಲು ಬದಲಿಸುವ ಸದ್ದಿಲ್ಲ. ಐದು ಗಂಟೆಗೆ ಆಯಿ ಚಾ ತೆಗೆದುಕೊಂಡು ಬಾಗಿಲು ತಳ್ಳಿದಳು. ನಾವಿಬ್ಬರೂ ಅವಳ ಹಿಂದೆ.

“ನಿದ್ದೆ ಬಂತಾ?”

“ಬಂತು,” ಅಂದ ಅಪ್ಪ. ಎದ್ದು ಕೂತು, ಗೋಡೆ ನೋಡಿ, ಅವಳನ್ನು ನೋಡಿದ. “ಚಲೋ ಬಂತು.”

ಆಯಿ ಆ ಸಂಜೆಯೇ ಅಂಕೋಲೆಗೆ ಫೋನು ಮಾಡಿದಳು. ಮಾವ ಅಂಗಡಿಗೆ ಬಂದವರಿಗೆಲ್ಲ ಭಾವನ ನಿದ್ದೆಯ ಕತೆ ಹೇಳಿ ಹಸಿರು ಮಾರಿದನಂತೆ.

ಆ ವಾರದ ಕೊನೆಗೆ ಆಯಿ ಅಟ್ಟದಿಂದ ಕುಕ್ಕರ್ ಇಳಿಸಿದಳು. ಮೊದಲ ಸೀಟಿ ಬಂದಾಗ ನಾವೆಲ್ಲ ಕಲ್ಲಾದೆವು. ಬಾಗಿಲು ತೆರೆಯಲಿಲ್ಲ. ಎರಡನೆಯದು ಬಂತು, ಮೂರನೆಯದು ಬಂತು. ಆಯಿ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು. ಆಮೇಲಿನ ರಾತ್ರಿ ಪಾಳಿಯ ವಾರಗಳಲ್ಲಿ ಒಂದೊಂದೇ ಸದ್ದು ಮನೆಗೆ ಮರಳಿ ಬಂತು. ಫೋನಿನ ದಿಂಬು ಹೋಯಿತು. ಟಿವಿಯವರು ತಮ್ಮ ಮಾತು ತಾವೇ ಆಡತೊಡಗಿದರು. ಮಂಜುಗೆ ಅದು ಅಷ್ಟೇನೂ ಹಿಡಿಸಲಿಲ್ಲ. ಮೀನಿನವಳು ಗೇಟಿನಲ್ಲಿ ಕೂತು ಊರಿನ ಸುದ್ದಿ ಹೇಳಿ ಹೋಗುವಂತಾದಳು. ಅಕ್ಕಿ ಕೇರುವಾಗ ಆಯಿ ಹಾಡಿಕೊಳ್ಳುತ್ತಿದ್ದಳು. ಅವಳಿಗೆ ಹಾಡಲು ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಆ ಚಳಿಗಾಲದಲ್ಲೇ ಒಂದು ರಜೆಯ ದಿನ ನಾನು ಕ್ರೋಟನ್ ಕುಂಡಗಳಿಗೆ ನೀರು ಹಾಕಲು ಹೋದೆ. ಹನ್ನೊಂದು ಗಂಟೆ ಇರಬೇಕು. ಸಮುದ್ರದ ಕಡೆಯಿಂದ ಗಾಳಿ ಬಂದು ಪರದೆ ಒಂದು ಬದಿಗೆ ಸರಿಯಿತು. ಅಪ್ಪ ಅಂಗಾತ ಮಲಗಿದ್ದ. ಎರಡೂ ಕೈ ಎದೆಯ ಮೇಲೆ. ಕಣ್ಣು ತೆರೆದೇ ಇತ್ತು. ಗೋಡೆಯನ್ನು ನೋಡುತ್ತಿದ್ದ, ಬಸ್ಸಿಗೆ ಕಾಯುವವರು ರಸ್ತೆ ನೋಡುವಂತೆ. ತಿರುಗಿದಾಗ ಅವನಿಗೆ ನಾನು ಕಂಡೆ. ಅವನು ಬೆಚ್ಚಲಿಲ್ಲ. ನಿಧಾನವಾಗಿ ಕೈ ಎತ್ತಿ ತುಟಿಯ ಮೇಲೆ ಬೆರಳಿಟ್ಟ.

ಸಂಜೆ ಬಾವಿಕಟ್ಟೆಯಲ್ಲಿ ಮುಖ ತೊಳೆಯುವಾಗ ನನ್ನನ್ನು ಹತ್ತಿರ ಕರೆದ.

“ಆಯಿಗೆ ಹೇಳ್ಬೇಡ.”

“ನಿದ್ದೆ ಬರೂದೇ ಇಲ್ವಾ ಅಪ್ಪ?”

“ಬತ್ತದೆ. ಒಂದೊಂದು ಸಲ.”

“ಮತ್ತೆ ಅಷ್ಟು ಹೊತ್ತು ಮಲ್ಕಂಡು ಎಂತ ಮಾಡೂದು?”

ಅಪ್ಪ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ.

“ಕೇಳ್ತೆ. ನೀವು ಮಾತಾಡೂದು, ನಿಮ್ಮಾಯಿ ಹಾಡೂದು. ಮುಂಚೆ ಆ ಖೋಲಿಲಿ ಮಲಗಿದ್ರೆ ಈ ಮನೇಲಿ ಯಾರೂ ಇಲ್ಲ ಅನ್ನೂ ಹಂಗಿತ್ತು. ಈಗ ಸುಮ್ನೆ ಮಲ್ಕಂಡಿದ್ರೂ ಜರಾ ಆರಾಮಾಗ್ತದೆ. ಅವ್ಳಿಗೆ ಹೇಳ್ದೆ ಅಂದ್ರೆ ಎಲ್ಲಾ ಮತ್ತೆ ಬಾಯಿ ಮುಚ್ಕಳ್ತರಿ.”

ನಾನು ಹೇಳುವುದಿಲ್ಲ ಅಂದೆ. ಹೇಳಲೂ ಇಲ್ಲ. ಆದರೆ ಆ ಮನೆಯಲ್ಲಿ ಮತ್ತೆ ಸದ್ದಾಗದಂತೆ ಕಾಲು ಎತ್ತಿ ಇಡುವವಳು ನಾನೊಬ್ಬಳೇ ಆದೆ. ಕುಕ್ಕರ್ ಸೀಟಿ ಹೊಡೆದಾಗ, ಅಜ್ಜಿ ಕೂಗಿದಾಗ, ಬಾಗಿಲಾಚೆ ತೆರೆದ ಕಣ್ಣುಗಳು ನನಗೆ ಕಾಣುತ್ತಿದ್ದವು. ಬೆಳಿಗ್ಗೆ ಶಾಲೆಗೆ ಹೊರಡುವಾಗ ಅಪ್ಪ ಸೈಕಲ್ ಇಳಿಯುವುದನ್ನು ನೋಡುತ್ತಿದ್ದೆ. ಒಮ್ಮೆ ಕಾಲು ನೆಲಕ್ಕೆ ಸಿಗದೆ ತಡವರಿಸಿದ. ಒಮ್ಮೆ ಗಂಜಿಯ ತಟ್ಟೆಯಲ್ಲಿ ಕೈ ಅದ್ದಿಕೊಂಡೇ ಕೂತುಬಿಟ್ಟಿದ್ದ. ಆಯಿ ನನ್ನನ್ನು ಗದರುತ್ತಿದ್ದಳು.

“ಎಂತಕೆ ಕಳ್ಳರ ಹಂಗೆ ನಡೀತೀ? ಈಗ ಬೇಕಾದ ಹಂಗೆ ಓಡಾಡು.”

ಮೂರು ಸಲ ರಾತ್ರಿ ಪಾಳಿ ಬಂದು ಹೋಯಿತು. ನಾಲ್ಕನೆಯದರಲ್ಲಿ ಅಪ್ಪ ಬಿದ್ದ. ಯಾವ ಗಾಡಿಯೂ ತಾಗಲಿಲ್ಲ. ದೊಡ್ಡ ರಸ್ತೆಯಿಂದ ನಮ್ಮ ಓಣಿಗೆ ತಿರುಗುವ ಇಳಿಜಾರಿನಲ್ಲಿ, ಬೆಳಗಿನ ಚೊಕ್ಕ ಬಿಸಿಲಿನಲ್ಲಿ, ಸೈಕಲ್ ತಿರುಗಬೇಕಾದ ಕಡೆ ತಿರುಗದೆ ನೆಟ್ಟಗೆ ಗಟಾರಕ್ಕೆ ಹೋಯಿತು. ಹಿಂದಿನಿಂದ ಬರುತ್ತಿದ್ದ ಪಾವಿನವನು ಕೂಗಿದನಂತೆ, ಅಪ್ಪನಿಗೆ ಕೇಳಲಿಲ್ಲವಂತೆ. ಅವನೇ ಮನೆಗೆ ಓಡಿಬಂದು ಹೇಳಿ, ಅವನೇ ರಿಕ್ಷಾ ಕರೆದ. ಮಂಜುವನ್ನು ಅಜ್ಜಿಯ ಹತ್ತಿರ ಬಿಟ್ಟು, ಶಾಲೆಯ ಬಟ್ಟೆಯಲ್ಲಿದ್ದ ನನ್ನ ಕೈ ಹಿಡಿದು ಆಯಿ ಆಸ್ಪತ್ರೆಗೆ ಹೋದಳು. ಅಪ್ಪನ ಬಲಭುಜದ ಎಲುಬು ಮುರಿದಿತ್ತು. ಹುಬ್ಬಿನ ಮೇಲೆ ಹೊಲಿಗೆ ಹಾಕಿದ್ದರು. ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. ಅಪ್ಪನಿಗೆ ಮಂಪರು ಇದ್ದದ್ದರಿಂದ ಆಯಿಯನ್ನೇ ಕೇಳಿದರು.

“ರಾತ್ರಿ ಪಾಳಿ ಮಾಡಿ ಬಂದು ಎಷ್ಟು ತಾಸು ಮಲಗ್ತಾರೆ?”

“ಆರು ತಾಸು. ಚಲೋ ಮಲಗ್ತಾರೆ,” ಅಂದಳು ಆಯಿ. “ಖೋಲಿಗೆ ಹಸಿರು ಬಣ್ಣ ಹೊಡ್ಸಿದ ಮೇಲೆ ಏನೂ ತೊಂದರೆ ಇಲ್ಲ.”

“ಇಲ್ಲ,” ಅಂದೆ ನಾನು. ದನಿ ನನ್ನದು ಅನ್ನಿಸಲಿಲ್ಲ, ಅಷ್ಟು ದೊಡ್ಡದಾಗಿತ್ತು. “ಸುಳ್ಳು ಅದು. ಅಪ್ಪ ಮಲಗೂದೇ ಇಲ್ಲ. ಕಣ್ಣು ಬಿಟ್ಕಂಡು ಸುಮ್ನೆ ಇರ್ತಾರೆ. ನನಗೆ ಗೊತ್ತು.”

ಆಯಿ ತಿರುಗಿ ನನ್ನನ್ನು ನೋಡಿದಳು. ಅಪ್ಪ ಕಣ್ಣು ಮುಚ್ಚಿಕೊಂಡ. ಈ ಸಲ ನಿದ್ದೆ ನಟಿಸಲು ಅಲ್ಲ. ಡಾಕ್ಟರು ಪೆನ್ನನ್ನು ಕಾಗದದ ಮೇಲಿಟ್ಟು ಮೂ‍ವರನ್ನೂ ನೋಡಿ, ಆಮೇಲೆ ಬರೆಯತೊಡಗಿದರು. ಅವರು ಬರೆದ ಆ ಕಾಗದದಿಂದ, ಅದರ ಬೆನ್ನಿಗೆ ಅಪ್ಪ ಕೊಟ್ಟ ಅರ್ಜಿಗಳಿಂದ, ಮುಂದಿನ ವರ್ಷ ಅವನಿಗೆ ಉಗ್ರಾಣದ ವಿಭಾಗದಲ್ಲಿ ಹಗಲಿನ ಕೆಲಸ ಸಿಕ್ಕಿತು. ಹಳೆಯ ಕೆಲಸದಷ್ಟು ಮಾನದ್ದಲ್ಲ ಎಂದು ಅವನಿಗೆ ಒಳಗೊಳಗೇ ಇತ್ತು. ಆದರೆ ರಾತ್ರಿ ಊಟವಾದ ಅರ್ಧ ತಾಸಿಗೆ ಗೊರಕೆ ಹೊಡೆಯುತ್ತಿದ್ದ, ಯಾವ ಖೋಲಿಯಲ್ಲಿ ಮಲಗಿದರೂ. ಅದು ಆಮೇಲಿನ ಮಾತು.

ಆಸ್ಪತ್ರೆಯಿಂದ ಬಂದ ಮೇಲೆ ಆಯಿ ನನ್ನ ಜೊತೆ ಮಾತು ಬಿಟ್ಟಳು. ಪೂರ್ತಿ ಬಿಟ್ಟಳು ಎಂದಲ್ಲ. ಊಟಕ್ಕೆ ಬಾ, ತಲೆ ಬಾಚಿಕೋ, ಅಜ್ಜಿಗೆ ನೀರು ಕೊಡು, ಇಷ್ಟು ಹೇಳುತ್ತಿದ್ದಳು. ನನ್ನ ಮುಖ ನೋಡುತ್ತಿರಲಿಲ್ಲ. ನಾಲ್ಕು ಜನರ ಮುಂದೆ ಅವಳನ್ನು ಸುಳ್ಳಿ ಮಾಡಿದೆ ಎಂಬ ಸಿಟ್ಟು ಇರಬೇಕೆಂದು ತಿಳಿದೆ. ಅಥವಾ, ಅಪ್ಪ ಬೀಳುವವರೆಗೆ ಬಾಯಿ ಬಿಡದೆ ಇದ್ದೆನಲ್ಲ ಎಂಬ ಸಿಟ್ಟು. ಎರಡರಲ್ಲಿ ಯಾವುದೆಂದು ಗೊತ್ತಾಗದೆ ಎರಡಕ್ಕೂ ಸೇರಿಸಿ ಹೆದರಿದೆ. ಅಪ್ಪ ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಹಗಲಿಡೀ ಜಗಲಿಯಲ್ಲಿ ಅಜ್ಜಿಯ ಪಕ್ಕ ಕೂತಿರುತ್ತಿದ್ದ, ರಾತ್ರಿ ಎಲ್ಲರಂತೆ ಮಲಗುತ್ತಿದ್ದ. ಹಗಲು ಹಸಿರು ಖೋಲಿ ಖಾಲಿ. ಶಾಲೆ ಇಲ್ಲದ ದಿನ ಆಯಿಯ ಕಣ್ಣಿಗೆ ಬೀಳದಿರಲು ನಾನು ಪಾಟಿಚೀಲ ತೆಗೆದುಕೊಂಡು ಅಲ್ಲಿಗೆ ಹೋಗುತ್ತಿದ್ದೆ.

ಹಾಗೇ ಒಂದು ಭಾನುವಾರ ಹಾಸಿಗೆಯ ಮೇಲೆ ಬೋರಲಾಗಿ ಲೆಕ್ಕ ಮಾಡುತ್ತಿದ್ದಾಗ ಆಯಿ ಮಡಚಿದ ಬಟ್ಟೆಗಳೊಂದಿಗೆ ಬಂದಳು. ನಾನು ಏಳಲು ಹೋದೆ.

“ಇರು,” ಅಂದಳು.

ಬಟ್ಟೆಯನ್ನು ಕಪಾಟಿಗೆ ಇಡಲಿಲ್ಲ. ಮಡಿಲಲ್ಲೇ ಇಟ್ಟುಕೊಂಡು ಹಾಸಿಗೆಯ ಅಂಚಿಗೆ ಕೂತಳು. ಆಮೇಲೆ ಬಟ್ಟೆ ಪಕ್ಕಕ್ಕೆ ಸರಿಸಿ ನನ್ನ ಬದಿಯಲ್ಲಿ ಮೈ ಚಾಚಿದಳು. ಅವಳು ಹಗಲು ಮಲಗಿದ್ದನ್ನು ನಾನು ಆವರೆಗೆ ಕಂಡಿರಲಿಲ್ಲ.

“ನಿನ್ನ ಮೇಲೆ ಸಿಟ್ಟಲ್ಲ ಮಗಾ.”

ನಾನು ಪೆನ್ಸಿಲ್ ಹಿಡಿದುಕೊಂಡೇ ಇದ್ದೆ.

“ನನಗೂ ಗೊತ್ತಿತ್ತು.”

“ಎಂತದು?”

“ಅವ್ರಿಗೆ ನಿದ್ದೆ ಬರೂದಿಲ್ಲ ಹೇಳಿ. ಎರಡನೇ ಪಾಳಿಗೇ ಗೊತ್ತಾಯ್ತು. ಚಾ ತಕಂಡು ಹೋದ್ರೆ, ಮಲಗಿ ಎದ್ದವ್ರ ಮುಖ ಅಲ್ಲ ಅದು. ಇಷ್ಟು ವರ್ಷ ನೋಡೇನೆ, ನನಗೆ ತಿಳಿಯೂದಿಲ್ವಾ?”

“ಮತ್ತೆ ಯಾಕೆ ಕೇಳ್ಲಿಲ್ಲ?”

ಆಯಿ ಸೂರು ನೋಡುತ್ತಿದ್ದಳು. ಕಣ್ಣಿನ ಮೂಲೆಯಿಂದ ನೀರು ಕಿವಿಯ ಕಡೆಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

“ಕೇಳಿದ್ರೆ ಹೌದು ಅಂತಿದ್ರು. ಹೌದು ಅಂದ್ರೆ ಮತ್ತೆ ಅದೇ, ಉಸಿರು ಕಟ್ಕಂಡು ಇರೂದು. ನನ್ನ ಕೈಲಿ ಆಗ್ತಿರ್ಲಿಲ್ಲ ಮಗಾ, ಸಾಕಾಗಿತ್ತು. ಇದೊಂದು ವಾರ ಹೋಗ್ಲಿ, ಇನ್ನೊಂದು ವಾರ ಹೋಗ್ಲಿ ಹೇಳಿ ಹೇಳಿ… ಡಾಕ್ಟ್ರು ಕೇಳಿದಾಗ್ಲೂ ಬಾಯಿಗೆ ಅದೇ ಬಂತು. ನಾ ಹೇಳೂ ಮಾತು ನೀ ಹೇಳ್ಬೇಕಾಯ್ತು. ಅದ್ಕೇ ನಿನ್ನ ಮುಖ ನೋಡೂಕಾಗ್ಲಿಲ್ಲ.”

ಅಲ್ಲಿಯವರೆಗೆ ನಾನು ತಿಳಿದಂತೆ ಮನೆಯಲ್ಲಿ ದಣಿದವನು ಅಪ್ಪ ಒಬ್ಬನೇ ಆಗಿದ್ದ. ಪುಸ್ತಕ ಮುಚ್ಚಿ ಅವಳ ಪಕ್ಕಕ್ಕೆ ಸರಿದೆ. ಅವಳು ನನ್ನ ತೋಳಿನ ಮೇಲೆ ತಲೆ ಇಟ್ಟಳು, ನಾನು ದೊಡ್ಡವಳು ಎಂಬಂತೆ.

“ಬಣ್ಣ ಚಲೋ ಬಂದದೆ, ಅಲ್ವಾ?” ಅಂದಳು ಗೋಡೆ ನೋಡುತ್ತ. “ಬೀರಣ್ಣ ಆ ಮೂಲೆಲಿ ಇನ್ನೊಂದು ಕೈ…”

ಮಾತು ಅಲ್ಲೇ ನಿಂತಿತು. ನಿದ್ದೆ ಬಂದಿತ್ತು. ನನ್ನ ತೋಳು ಜೋಮು ಹಿಡಿಯಿತು, ಆಮೇಲೆ ಇದೆಯೋ ಇಲ್ಲವೋ ತಿಳಿಯದಂತಾಯಿತು. ನಾನು ಅಲುಗಲಿಲ್ಲ. ಓಣಿಯಲ್ಲಿ ಮೀನಿನವಳು ಕೂಗಿದಳು, ಅಜ್ಜಿ ಅವಳನ್ನು ಕಂಡು ಇನ್ನೂ ಜೋರಾಗಿ ಉತ್ತರ ಕೊಟ್ಟಳು, ಮಂಜು ಬಾಗಿಲು ದಬ್ಬಿ ಒಳಗೆ ಇಣುಕಿ ‘ಆಯೀ ಹಸಿವು’ ಅಂದ. ಆಯಿ ಏಳಲಿಲ್ಲ. ಮಂಜುವಿನ ಹಿಂದೆ ಅಪ್ಪ ಬಂದು ನಿಂತ. ಹೊಸ್ತಿಲಲ್ಲಿ ನಿಂತು ಅವಳನ್ನು ಬಹಳ ಹೊತ್ತು ನೋಡಿ, ಮಂಜುವಿನ ಕೈ ಹಿಡಿದು ಅಡುಗೆಮನೆಯ ಕಡೆ ನಡೆದ.

ಆಯಿ ಎದ್ದಾಗ ಮೂರು ಗಂಟೆ ಆಗುತ್ತ ಬಂದಿತ್ತು. ‘ಅಯ್ಯೋ, ಅನ್ನ ಇಟ್ಟಿಲ್ಲ’ ಎನ್ನುತ್ತ ಎದ್ದು ಹೋದವಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನೆಲದ ಮೇಲೆ ತಟ್ಟೆಗಳು ಸಾಲಾಗಿದ್ದವು. ಒಂದೇ ಕೈಯಲ್ಲಿ ಅಪ್ಪ ಅನ್ನ ಬಸಿದಿದ್ದ. ಒಲೆಯ ಸುತ್ತ ಗಂಜಿ ಚೆಲ್ಲಿತ್ತು, ಅರ್ಧ ಅಕ್ಕಿ ಬೆಂದಿರಲಿಲ್ಲ. ನೆಂಚಿಕೊಳ್ಳಲು ಉಪ್ಪಿನಕಾಯಿ. ಎಲ್ಲರೂ ಕೂತೆವು. ಅಪ್ಪ ಎಡಗೈಯಲ್ಲಿ ಸೌಟು ಹಿಡಿದು ಬಡಿಸತೊಡಗಿದ.

“ಎಡಗೈಲಿ ಬಡಿಸ್ತಾನೆ!” ಎಂದು ಅಜ್ಜಿ ಓಣಿಗೆ ಕೇಳುವಂತೆ ಅಂದಳು. “ಅದೂ ಅಕ್ಕಿ ಬೆಂದಿಲ್ಲ!”

ಆಯಿ ಒಂದೊಂದು ಅಗುಳನ್ನೂ ಅಗಿದು ಉಂಡಳು. ಉಂಡು ಮುಗಿದ ಮೇಲೆ ತಟ್ಟೆಯನ್ನು ಅಪ್ಪನ ಕಡೆಗೆ ಸರಿಸಿದಳು.

“ಇನ್ನೊಂದು ಚೂರು ಹಾಕಿ.”